ಬೇಸಿಗೆ ರಜೆಗೆ ಕೇದಾರ–ಬದರಿ: ಮನೆಗೆ ಬೀಗ ಹಾಕುವ ಮುನ್ನ, ಚೀಲ ಹೆಗಲಿಗೇರಿಸುವ ಮುನ್ನ

ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಚಳಿಗಾಲದುದ್ದಕ್ಕೂ ಮುಚ್ಚಿರುವ ಕೇದಾರನಾಥ ಮತ್ತು ಬದರೀನಾಥದ ಬಾಗಿಲು ತೆರೆಯುವುದು ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ. ಎರಡೂ ಕೂಡಿಬರುವ ಆ ಕೆಲವು ವಾರಗಳಲ್ಲಿ ಬೆಂಗಳೂರಿನಿಂದ ಹೊರಡುವ ಕುಟುಂಬಗಳನ್ನು ರೈಲು ನಿಲ್ದಾಣದಲ್ಲಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ: ತಲೆಗೆ ಎರಡೆರಡು ಚೀಲ, ಜತೆಗೆ ತಿಂಡಿಯ ಡಬ್ಬಗಳ ಒಂದು ಬುಟ್ಟಿ. ಇಷ್ಟನ್ನೂ ಹೊತ್ತು ಹಿಮಾಲಯ ಹತ್ತುವುದು ಯಾತ್ರೆಯಲ್ಲ, ಶಿಕ್ಷೆ.

ಹೊರೆ ಹೆಚ್ಚಲು ಎರಡು ಕಾರಣಗಳಿವೆ. ಮೊದಲನೆಯದು ಹವೆ. ಹರಿದ್ವಾರದ ಬಯಲಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿದ್ದರೆ, 3,583 ಮೀಟರ್ ಎತ್ತರದ ಕೇದಾರದಲ್ಲಿ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಎರಡು ಋತುಗಳ ಬಟ್ಟೆಯನ್ನೂ ತುಂಬಿಕೊಳ್ಳುತ್ತೇವೆ. ಎರಡನೆಯದು, ಮನೆಯ ಕೆಲಸ ಕೊನೆಯ ರಾತ್ರಿಗೆ ಉಳಿದುಬಿಡುವುದು. ಫ್ರಿಜ್ ಖಾಲಿ ಮಾಡುವವರು ಒಬ್ಬರು, ಹಾಲಿನವನಿಗೆ ಫೋನ್ ಮಾಡುವವರು ಇನ್ನೊಬ್ಬರು. ಆ ಗಡಿಬಿಡಿಯಲ್ಲಿ ಆರಿಸಿ ತೆಗೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಕಪಾಟಿನಲ್ಲಿ ಕಂಡಿದ್ದೆಲ್ಲ ಚೀಲ ಸೇರುತ್ತದೆ. ಆದ್ದರಿಂದ ನನ್ನ ಕ್ರಮ ಸರಳ: ಮೊದಲು ಮನೆ, ಆಮೇಲೆ ಚೀಲ. ಮನೆಯ ಕೆಲಸ ಹೊರಡುವ ಹಿಂದಿನ ದಿನ ಬೆಳಿಗ್ಗೆಗೇ ಮುಗಿದಿದ್ದರೆ ಚೀಲ ತಾನಾಗಿಯೇ ಹಗುರಾಗುತ್ತದೆ.

ಎರಡು ತಿಂಗಳ ಮೊದಲು

ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್‌ನಿಂದ 60 ದಿನಗಳಿಗೆ ಇಳಿದಿದೆ. ಬಾಗಿಲು ತೆರೆಯುವ ದಿನ ಅದಕ್ಕೂ ಮೊದಲೇ ಗೊತ್ತಾಗಿರುತ್ತದೆ. ಬದರಿಯದ್ದನ್ನು ವಸಂತ ಪಂಚಮಿಯಂದು, ಕೇದಾರದ್ದನ್ನು ಶಿವರಾತ್ರಿಯಂದು ಘೋಷಿಸುತ್ತಾರೆ. ಟಿಕೆಟ್ ಆದ ಕೂಡಲೇ ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಮಾಡಿಸಿ, ಅದು ಕಡ್ಡಾಯ. ಗೌರಿಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರ್ ಏರುದಾರಿ. ನಡೆಯುವ ಅಭ್ಯಾಸವನ್ನೂ ಇಂದೇ ಶುರುಮಾಡಿ, ಅದೂ ಯಾತ್ರೆಗೆ ಹಾಕಿಕೊಳ್ಳುವ ಅದೇ ಬೂಟಿನಲ್ಲಿ. ಹೊಸ ಬೂಟು ಕಾಲನ್ನು ಕಚ್ಚುವುದು ಇಲ್ಲೇ ಗೊತ್ತಾಗಲಿ.

ಹತ್ತು ದಿನ ಮೊದಲು: ಅಡುಗೆಮನೆಯಿಂದ ಆರಂಭ

ಇನ್ನು ತರಕಾರಿ ಸಂತೆ ಬೇಡ. ಇರುವುದನ್ನು ಮುಗಿಸುವ ಅಡುಗೆ ಮಾಡಿ. ದೋಸೆ ಹಿಟ್ಟು ಹೊರಡುವ ಮೂರು ದಿನ ಮೊದಲೇ ಖಾಲಿಯಾಗಬೇಕು. ಉಳಿದ ಕಾಯಿಪಲ್ಯವೆಲ್ಲ ಒಂದು ಸಾಗುವಿಗೆ, ಉಳಿದ ಮೊಸರು ಮಜ್ಜಿಗೆ ಹುಳಿಗೆ. ಈರುಳ್ಳಿ, ಆಲೂಗಡ್ಡೆಗಳನ್ನು ಬುಟ್ಟಿಯಲ್ಲಿ ಬಿಟ್ಟು ಹೋಗಬೇಡಿ. ಒಂದು ಆಲೂಗಡ್ಡೆ ಕೊಳೆತರೂ ಆ ನಾತ ಮನೆಯೆಲ್ಲ ಹರಡುತ್ತದೆ. ಪಕ್ಕದ ಮನೆಗೆ ಕೊಟ್ಟುಬಿಡಿ.

ಬೇಸಿಗೆಯ ಸೆಕೆಯಲ್ಲಿ ಮುಚ್ಚಿದ ಅಡುಗೆಮನೆ ಹುಳುಗಳಿಗೆ ಹಬ್ಬ. ರವೆಯನ್ನು ಹಸಿಯಾಗಿ ಇಡದೆ ಹುರಿದು, ಪೂರ್ತಿ ಆರಿಸಿ ಡಬ್ಬಕ್ಕೆ ತುಂಬಿ. ಬೇಳೆಗಳನ್ನು ಒಂದು ದಿನ ಬಿಸಿಲಿಗೆ ಹರಡಿ ತೆಗೆಯಿರಿ. ಅಕ್ಕಿಗೆ ಚೆನ್ನಾಗಿ ಒಣಗಿದ ಬೇವಿನೆಲೆ ಅಥವಾ ಒಣಮೆಣಸಿನಕಾಯಿ ಹಾಕುವ ಅಜ್ಜಿಯರ ಪದ್ಧತಿ ಈಗಲೂ ಒಳ್ಳೆಯದೇ. ಆದರೆ ಎಲೆಯಲ್ಲಿ ತೇವ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ. ಕಡಲೆಹಿಟ್ಟು, ಗೋಧಿಹಿಟ್ಟು ಸ್ವಲ್ಪವೇ ಉಳಿದಿದ್ದರೆ ಉಳಿಸುವ ಯೋಚನೆಯೇ ಬೇಡ.

ಫ್ರಿಜ್ ವಿಷಯದಲ್ಲಿ ಅರ್ಧಂಬರ್ಧ ತೀರ್ಮಾನ ಕೆಲಸಕ್ಕೆ ಬಾರದು. ವಾರದೊಳಗೆ ಬರುವವರು ಚಾಲೂ ಬಿಡಬಹುದು. ಮೂರು ವಾರ ಹೋಗುವವರು ಪೂರ್ತಿ ಖಾಲಿ ಮಾಡಿ, ಆರಿಸಿ, ಐಸ್ ಕರಗಿಸಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಒಣಗಿದ ಮೇಲೆ ಬಾಗಿಲು ನಾಲ್ಕು ಬೆರಳಷ್ಟು ತೆರೆದಿರುವಂತೆ ಮಡಿಸಿದ ಬಟ್ಟೆ ಸಿಕ್ಕಿಸಿ. ಮುಚ್ಚಿದ ಫ್ರಿಜ್ ಒಳಗೆ ಕಪ್ಪು ಬೂಷ್ಟು ಬೆಳೆದರೆ ರಬ್ಬರಿನ ಅಂಚಿನಿಂದ ಅದನ್ನು ತೆಗೆಯುವುದು ಬಹಳ ಕಷ್ಟ. ಚಾಲೂ ಬಿಡುವವರಿಗೆ ಒಂದು ಉಪಾಯ: ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಹಿಂದಿರುಗಿದಾಗ ನಾಣ್ಯ ತಳ ಸೇರಿದ್ದರೆ, ನೀವಿಲ್ಲದಾಗ ಕರೆಂಟು ದೀರ್ಘಕಾಲ ಹೋಗಿ ಐಸ್ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಒಳಗಿರುವುದನ್ನೆಲ್ಲ ಎಸೆಯಿರಿ.

ಮೊಸರಿನ ಹೆಪ್ಪು ತಪ್ಪಿಹೋಗುತ್ತದೆಂಬ ಚಿಂತೆ ಹಲವರಿಗೆ. ಪಕ್ಕದ ಮನೆಯವರಿಗೆ ಒಂದು ಬಟ್ಟಲು ಕೊಟ್ಟಿದ್ದರೆ, ಬಂದ ದಿನ ಅವರ ಮನೆಯಿಂದಲೇ ಒಂದು ಚಮಚ ಸಿಗುತ್ತದೆ.

ನೀರು: ಎಲ್ಲಕ್ಕಿಂತ ಹೆಚ್ಚು ಗಮನ ಇಲ್ಲಿರಲಿ

ಬೀಗ ಹಾಕಿದ ಮನೆ ಎಂದರೆ ನಮಗೆ ಕಳ್ಳರ ಭಯ. ಕಳ್ಳ ಬರಬಹುದು, ಬಾರದಿರಬಹುದು. ಸೊಳ್ಳೆ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳು ಗುಡುಗು ಮಳೆಯ ಕಾಲ, ಮುಂಗಾರಿನ ಜತೆಗೇ ಡೆಂಗಿಯೂ ಏರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಷ್ಟಪಡುವುದು ಚರಂಡಿಯನ್ನಲ್ಲ, ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರನ್ನು. ಮೊಟ್ಟೆ ಸೊಳ್ಳೆಯಾಗಿ ಹಾರಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರ, ಹತ್ತು ದಿನ ಸಾಕು. ನೀವು ಬರುವಷ್ಟರಲ್ಲಿ ಎರಡು ತಲೆಮಾರು ಹುಟ್ಟಿರಬಹುದು, ಅದು ಕಚ್ಚುವುದು ಅಕ್ಕಪಕ್ಕದ ಮಕ್ಕಳನ್ನು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಸಣ್ಣದು, ಆದರೆ ಅದರ ಹಿಂದಿನ ಕಾರಣ ಸಣ್ಣದಲ್ಲ.

ಆದ್ದರಿಂದ ಟಾರ್ಚ್ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿ. ಬಕೆಟ್, ಡ್ರಮ್, ಹೂಕುಂಡದ ತಟ್ಟೆ, ತೊಟ್ಟಿ, ಮಹಡಿಯ ಮೇಲಿನ ಹಳೆಯ ಟೈರು, ತೆಂಗಿನ ಚಿಪ್ಪು ಎಲ್ಲವನ್ನೂ ನೋಡಿ. ನೀರು ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ನಾರಿನಿಂದ ತಿಕ್ಕಿ ತೊಳೆದು, ಒಣಗಿಸಿ, ಬೋರಲು ಹಾಕಬೇಕು. ಎಲ್ಲರೂ ಮರೆಯುವ ಜಾಗವೊಂದಿದೆ: ಹಲವು ಫ್ರಿಜ್‌ಗಳ ಹಿಂಬದಿಯಲ್ಲಿ, ಕೆಳಗೆ, ತೊಟ್ಟಿಕ್ಕಿದ ನೀರು ಸೇರುವ ಟ್ರೇ. ಅದನ್ನು ಖಾಲಿ ಮಾಡಿ ಒರೆಸಿ. ಏರ್ ಕೂಲರ್ ಇದ್ದರೆ ಅದನ್ನೂ. ಸಂಪು ಮತ್ತು ಮೇಲಿನ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಸೊಳ್ಳೆ ಪರದೆಯ ಬಟ್ಟೆ ಹಾಸಿ, ಅದರ ಮೇಲೆ ಮುಚ್ಚಿ. ಮಹಡಿಯ ಮಳೆನೀರಿನ ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡಿದ್ದರೆ ತೆಗೆಯಿರಿ. ಮೇ ತಿಂಗಳ ಒಂದೇ ಸಂಜೆಯ ಮಳೆಗೆ ಮಹಡಿ ಕೆರೆಯಾಗಿ ಗೋಡೆಯಲ್ಲಿ ನೀರಿಳಿಯುತ್ತದೆ.

ಇದಕ್ಕೆ ತಿರುಗುಮುರುಗಾದ ಜಾಗವೂ ಒಂದಿದೆ, ಅಲ್ಲಿ ನೀರು ಇರಲೇಬೇಕು. ಬಚ್ಚಲಿನ ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತಿರುವ ನೀರೇ ಚರಂಡಿಯ ನಾತವನ್ನೂ ಜಿರಳೆಯನ್ನೂ ತಡೆಯುವ ಬೀಗ. ಬೇಸಿಗೆಯಲ್ಲಿ ಮೂರು ವಾರಕ್ಕೆ ಅದು ಆವಿಯಾಗಿ ಹೋಗುತ್ತದೆ. ಹೊರಡುವ ದಿನ ಪ್ರತಿ ಬಚ್ಚಲಿಗೂ ಒಂದು ತಂಬಿಗೆ ನೀರು, ಅದರ ಹಿಂದೆಯೇ ಎರಡು ಚಮಚ ಅಡುಗೆ ಎಣ್ಣೆ ಸುರಿಯಿರಿ. ಎಣ್ಣೆಯ ಪದರ ನೀರು ಆರುವುದನ್ನು ನಿಧಾನಿಸುತ್ತದೆ, ಸೊಳ್ಳೆ ಮರಿಗೂ ಉಸಿರು ಸಿಗುವುದಿಲ್ಲ. ಜಾಲರಿಯ ಮೇಲೆ ಒಂದು ತಟ್ಟೆ ಮುಚ್ಚಿ ಭಾರ ಇಡಿ. ಕಮೋಡಿನ ಮುಚ್ಚಳ ಹಾಕಿ.

ಮೇಲಿನ ಟ್ಯಾಂಕಿನಿಂದ ಮನೆಯೊಳಗೆ ಬರುವ ಮುಖ್ಯ ವಾಲ್ವ್ ಮುಚ್ಚಿ. ಆದರೆ ಮಹಡಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಅದಕ್ಕೆ ಹೋಗುವ ವಾಲ್ವ್ ತೆರೆದೇ ಇರಲಿ, ಟ್ಯಾಂಕಿನಲ್ಲಿ ನೀರೂ ಇರಲಿ. ಗಾಜಿನ ನಳಿಕೆಗಳು ಬಿಸಿಲಲ್ಲಿ ಒಣಗಿ ಕಾದಿರುವಾಗ ಒಮ್ಮೆಲೇ ತಣ್ಣೀರು ನುಗ್ಗಿದರೆ ಬಿರಿಯುತ್ತವೆ. ಮೋಟಾರಿಗೆ ತಾನಾಗಿ ಚಾಲೂ ಆಗುವ ಸಾಧನ ಕೂಡಿಸಿದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಒಂದು ಸಣ್ಣ ಸೋರಿಕೆ ಸಂಪನ್ನೇ ಬರಿದು ಮಾಡುತ್ತದೆ.

ಗಿಡಗಳನ್ನು ನೆರಳಿಗೆ ಸರಿಸಿ, ಮಣ್ಣಿನ ಮೇಲೆ ತೆಂಗಿನ ನಾರು ಹಾಸಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಬಕೆಟ್ಟಿನಿಂದ ಹತ್ತಿ ಹಗ್ಗದ ಮೂಲಕ ಕುಂಡಕ್ಕೆ ನೀರು ಹಾಯಿಸುವವರು ಬಕೆಟ್ಟಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಲೇಬೇಕು. ತುಳಸಿಗೆ ಮಾತ್ರ ಯಾರಾದರೂ ನೀರೆರೆಯುವುದೇ ಸರಿ.

ವಿದ್ಯುತ್ ಮತ್ತು ಗ್ಯಾಸ್

ಗುಡುಗಿನ ಕಾಲವಾದ್ದರಿಂದ ಟಿವಿ, ಸೆಟ್ ಟಾಪ್ ಬಾಕ್ಸ್, ವೈಫೈ ರೂಟರ್, ವಾಷಿಂಗ್ ಮಷಿನ್, ಮೈಕ್ರೊವೇವ್ ಎಲ್ಲದರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ಕೇಬಲ್ ತಂತಿಯ ಮೂಲಕವೂ ಬರುತ್ತದೆ, ಆ ತಂತಿಯನ್ನೂ ಬಿಡಿಸಿ. ಕ್ಯಾಮೆರಾಗೆ ಇಂಟರ್ನೆಟ್ ಬೇಕಾದವರು ಅದೊಂದು ಮಾರ್ಗವನ್ನು ಮಾತ್ರ ಉಳಿಸಿಕೊಳ್ಳಿ.

ಇನ್ವರ್ಟರ್ ಇರುವ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ಮೇನ್ ಸ್ವಿಚ್ ಆರಿಸಿ ಹೊರಟರೆ ಇನ್ವರ್ಟರ್ ಅದನ್ನು ಕರೆಂಟು ಹೋಯಿತೆಂದೇ ತಿಳಿದು ಬ್ಯಾಟರಿಯಿಂದ ವಿದ್ಯುತ್ ಕೊಡಲು ತೊಡಗುತ್ತದೆ. ಎಲ್ಲೋ ಉರಿಯುತ್ತ ಉಳಿದ ಒಂದು ದೀಪವೂ ದಿನಗಳಲ್ಲಿ ಬ್ಯಾಟರಿಯನ್ನು ಬರಿದು ಮಾಡುತ್ತದೆ, ಬರಿದಾಗಿ ವಾರಗಟ್ಟಲೆ ಬಿದ್ದ ಲೆಡ್ ಆ್ಯಸಿಡ್ ಬ್ಯಾಟರಿ ಕೆಡುತ್ತದೆ. ಹೊರಡುವ ಎರಡು ದಿನ ಮೊದಲು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಿ, ಹೊರಡುವಾಗ ಮೊದಲು ಇನ್ವರ್ಟರ್ ಆರಿಸಿ, ನಂತರ ಮೇನ್ ಆರಿಸಿ. ಫ್ರಿಜ್ ಅಥವಾ ಕ್ಯಾಮೆರಾ ಚಾಲೂ ಬಿಡುವವರು ಮಾತ್ರ ಮೇನ್ ಆರಿಸಬೇಡಿ.

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಹಗ್ಗಕ್ಕೆ ನೇತಾಡುವ ಪ್ಲಾಸ್ಟಿಕ್ ಮುಚ್ಚಳ ಹಾಕಿ ಬಿಗಿಮಾಡಿ. ದೇವರ ಮನೆಯಲ್ಲಿ ನಂದಾದೀಪ ಉರಿಸಿಟ್ಟು ಹೋಗುವುದು ಬೇಡವೇ ಬೇಡ. ನಿರ್ಮಾಲ್ಯ ತೆಗೆದು, ಒರೆಸಿ, ಕೈಮುಗಿದು ಹೊರಡಿ. ಎಣ್ಣೆ ತುಂಬಿದ ದೀಪಕ್ಕೆ ಇಲಿಯೂ ಬರುತ್ತದೆ.

ಅಕ್ಕಪಕ್ಕದವರು, ಬೀಗ, ಬೀಟ್ ಪೊಲೀಸ್

ಮನೆ ಖಾಲಿಯಿದೆ ಎಂದು ಬೀದಿಗೆ ಸಾರುವುದು ಬಾಗಿಲಲ್ಲಿ ಬಿದ್ದ ಪತ್ರಿಕೆಗಳು, ಗೇಟಿಗೆ ನೇತುಬಿದ್ದ ಹಾಲಿನ ಚೀಲ, ರಂಗೋಲಿಯಿಲ್ಲದ ಹೊಸ್ತಿಲು. ಪತ್ರಿಕೆ, ಹಾಲು ಎರಡನ್ನೂ ಮೂರು ದಿನ ಮೊದಲೇ ನಿಲ್ಲಿಸಿ, ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಗೇಟಿಗೆ ಹೊರಗಿನಿಂದ ಕಾಣುವ ದೊಡ್ಡ ಬೀಗ ಜಡಿಯುವುದಕ್ಕಿಂತ ಬಾಗಿಲಿನೊಳಗೆ ಕೂರುವ ಬೀಗ ಒಳ್ಳೆಯದು. ಬಡಾವಣೆಯ ಪೊಲೀಸ್ ಠಾಣೆಗೆ ಹೋಗಿ ವಿಳಾಸ, ದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟರೆ ಗಸ್ತಿನವರು ಗಮನಿಸಲು ಅನುಕೂಲ. ಒಡವೆ ಬ್ಯಾಂಕಿನ ಲಾಕರಿಗೆ ಹೋಗಲಿ. ಪ್ರವಾಸದ ಚಿತ್ರಗಳನ್ನು ಹಿಂದಿರುಗಿದ ಮೇಲೆ ಹಂಚಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ.

ಕೀಲಿಯ ಒಂದು ಪ್ರತಿಯನ್ನು ನಂಬಿಕೆಯ ನೆರೆಯವರಿಗೆ ಕೊಡಿ. ಜತೆಗೆ ಒಂದು ಹಾಳೆಯಲ್ಲಿ ವಾಲ್ವ್ ಎಲ್ಲಿದೆ, ಮೇನ್ ಸ್ವಿಚ್ ಎಲ್ಲಿದೆ, ಪ್ಲಂಬರ್ ಯಾರು ಎಂಬುದನ್ನು ಬರೆದುಕೊಡಿ. ಮೇಲೆ ಮೊಬೈಲ್ ಸಿಗ್ನಲ್ ಇಲ್ಲದಾಗ ಅವರು ನಿಮ್ಮನ್ನು ಕೇಳುವಂತಿಲ್ಲ.

ಮನೆಗೆಲಸಕ್ಕೆ ಬರುವ ಅಕ್ಕನಿಗೆ ಆ ತಿಂಗಳ ಸಂಬಳ ಪೂರ್ತಿ ಕೊಟ್ಟು ಹೊರಡಿ. ರಜೆ ಹಾಕಿದ್ದು ನಾವು, ಅವರಲ್ಲ. ಇದನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಿಕೊಳ್ಳಬೇಕು.

ಈಗ ಚೀಲ

ನಿಯಮ ಒಂದೇ: ತನ್ನ ಚೀಲವನ್ನು ತಾನೇ ಹೊತ್ತು ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿ ಇಳಿಯಬೇಕು. ದೊಡ್ಡವರಿಗೆ ಏಳೆಂಟು ಕಿಲೋ, ಹತ್ತು ವರ್ಷ ದಾಟಿದ ಮಕ್ಕಳಿಗೆ ಮೂರು, ಅರುವತ್ತು ದಾಟಿದವರಿಗೆ ನಾಲ್ಕು. ರೈಲಿನಲ್ಲಿ ಸ್ಲೀಪರ್ ಮತ್ತು ತೃತೀಯ ಎಸಿ ಪ್ರಯಾಣಿಕರಿಗೆ 40 ಕಿಲೋವರೆಗೆ ಉಚಿತ ಅವಕಾಶವಿದೆ ನಿಜ. ರೈಲ್ವೆ ಬಿಡುತ್ತದೆ ಎಂದು ಬೆನ್ನು ಬಿಡುವುದಿಲ್ಲ. ಹೆಗಲಿಗೆ ಹಾಕುವ ಚೀಲವೇ ಇರಲಿ. ಗಾಲಿಯ ಸೂಟ್‌ಕೇಸ್ ಕೇದಾರದ ದಾರಿಯಲ್ಲಿರುವ ಗುಪ್ತಕಾಶಿಯ ಏರಿನಲ್ಲಿ ಉರುಳುವುದಿಲ್ಲ.

ಎರಡು ಹವೆಗೆ ಎರಡು ಜತೆ ಬಟ್ಟೆ ಬೇಡ, ಒಂದರ ಮೇಲೊಂದು ಹಾಕುವ ಬಟ್ಟೆ ಬೇಕು. ಬಯಲಲ್ಲಿ ತೊಡುವ ತೆಳು ಅಂಗಿಯೇ ಮೇಲೆ ಹೋದಾಗ ಒಳಪದರ. ಅದರ ಕೆಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಒಬ್ಬರಿಗೆ ಮೂರು ಅಂಗಿ, ಎರಡು ಪ್ಯಾಂಟ್, ಒಂದು ಜತೆ ಥರ್ಮಲ್, ಒಂದು ಸ್ವೆಟರ್, ಒಂದು ಜಾಕೆಟ್, ನಾಲ್ಕು ಜತೆ ಒಳಉಡುಪು, ಮೂರು ಜತೆ ಕಾಲುಚೀಲ, ಅದರಲ್ಲಿ ಒಂದು ಉಣ್ಣೆಯದು. ಮಂಕಿ ಕ್ಯಾಪ್, ಕೈಗವಸು. ಛತ್ರಿಗಿಂತ ಮೈ ಮುಚ್ಚುವ ಮಳೆ ಅಂಗಿ ಮೇಲು, ಏರುದಾರಿಯಲ್ಲಿ ಕೈ ಖಾಲಿ ಇರಬೇಕು. ಜೀನ್ಸ್ ಮನೆಯಲ್ಲೇ ಉಳಿಯಲಿ: ಭಾರ, ನೆನೆದರೆ ಎರಡು ದಿನ ಒಣಗುವುದಿಲ್ಲ. ಹತ್ತಿ ಬಟ್ಟೆ ಬಯಲಿಗೆ ಹಿತ, ಆದರೆ ಬೆವರು ಹೀರಿ ಒದ್ದೆಯಾದ ಹತ್ತಿ ಮೇಲಿನ ಚಳಿಯಲ್ಲಿ ಮೈಯನ್ನು ಇನ್ನಷ್ಟು ಕೊರೆಯುತ್ತದೆ. ಸೀರೆಯನ್ನೇ ಉಡುವವರು ಬೇಗ ಒಣಗುವ ಹಗುರ ಸೀರೆ ಎರಡು ಇಟ್ಟುಕೊಂಡು, ಏರುದಾರಿಗೆ ಚೂಡಿದಾರ್ ಒಪ್ಪಿಕೊಳ್ಳುವುದು ಸುರಕ್ಷಿತ. ಗಂಡಸರಿಗೆ ತೆಳುವಾದ ಒಂದು ಪಂಚೆ ನಾಲ್ಕು ಕೆಲಸಕ್ಕಾಗುತ್ತದೆ: ಉಡಲು, ಒರೆಸಲು, ಹಾಸಲು, ಗಂಗಾಸ್ನಾನದ ನಂತರ ಮರೆಗೆ. ಮೂರು ದಿನಕ್ಕೊಮ್ಮೆ ಒಗೆದುಕೊಳ್ಳಲು ಅರ್ಧ ಸೋಪು, ಹತ್ತು ಅಡಿ ನೈಲಾನ್ ಹಗ್ಗ, ಒಂದಿಷ್ಟು ಪಿನ್ನು.

ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿಯ ಪ್ರಯಾಣ. ಎಸಿ ಬೋಗಿಯಲ್ಲಿ ಹೊದಿಕೆ ಕೊಡುತ್ತಾರೆ, ಸ್ಲೀಪರಿನಲ್ಲಿ ಇಲ್ಲ. ತಿಂಡಿಯಲ್ಲಿ ಒಣಗಿದ್ದನ್ನು ಮಾತ್ರ ಆರಿಸಿ: ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ಕೋಡುಬಳೆ. ಉಪ್ಪಿನಕಾಯಿ ಬಾಟಲಿ ಸೋರಿದರೆ ಥರ್ಮಲ್‌ಗೂ ಮಾವಿನಕಾಯಿಯ ವಾಸನೆ. ವಿಮಾನದಲ್ಲಿ ಹೋಗುವವರು ಗಮನಿಸಿ, ಪೂಜೆಗೆಂದು ಇಟ್ಟುಕೊಳ್ಳುವ ಒಣ ಕೊಬ್ಬರಿ ಎಣ್ಣೆಯಂಶದಿಂದ ಹೊತ್ತಿಕೊಳ್ಳಬಹುದಾದ ವಸ್ತುವೆಂದು ನಿಷಿದ್ಧ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಮಿತಿ 100 ವ್ಯಾಟ್ ಅವರ್. ಸಾಮಾನ್ಯ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ಆಗುತ್ತದೆ, ಚಿಂತೆಯಿಲ್ಲ.

ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಚಳಿಯಲ್ಲಿ ಕಲ್ಲಾಗುತ್ತದೆ. ಬಾಟಲಿಯ ಬದಲು ಅಗಲ ಬಾಯಿಯ ಪುಟ್ಟ ಡಬ್ಬಿಗೆ ತುಂಬಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಚೀಲದಲ್ಲಿಡಿ, ವೈದ್ಯರ ಚೀಟಿಯ ಚಿತ್ರ ಮೊಬೈಲಿನಲ್ಲಿರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಮೇಲಿನ ರಾತ್ರಿಗಳಲ್ಲಿ ಅದು ಹೊದಿಕೆಯೊಳಗೆ ನಿಮ್ಮ ಮೈಗೆ ಹತ್ತಿರ ಇರಬೇಕು. ಫೋನ್ ಕೂಡ ಹಾಗೆಯೇ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ನಗದು ಹಣ ಇರಲಿ.

ಎಲ್ಲ ಜೋಡಿಸಿದ ಮೇಲೆ ಚೀಲ ಹೆಗಲಿಗೇರಿಸಿ ಮನೆಯ ಮೆಟ್ಟಿಲನ್ನು ನಾಲ್ಕು ಬಾರಿ ಹತ್ತಿ ಇಳಿಯಿರಿ. ಉಸಿರು ಕಟ್ಟಿದರೆ ಹಾಸಿಗೆಯ ಮೇಲೆ ಎಲ್ಲವನ್ನೂ ಸುರಿದು ಮೂರನೆಯ ಒಂದು ಭಾಗ ತೆಗೆಯಿರಿ. ಹರಿದ್ವಾರ, ಋಷಿಕೇಶಗಳಲ್ಲಿ ಸಿಗದ ವಸ್ತು ಬಹಳ ಕಡಿಮೆ.

ಚೀಲದೊಳಗಿನ ಚೀಲ

ಕೇದಾರಕ್ಕೆ ಇಡೀ ಸಾಮಾನು ಹೊರಬೇಕಾಗಿಲ್ಲ. ಗುಪ್ತಕಾಶಿ ಅಥವಾ ಊಖೀಮಠದಲ್ಲಿ ಒಂದು ರಾತ್ರಿ ತಂಗಿದರೆ ದೊಡ್ಡ ಚೀಲವನ್ನು ತಂಗಿದ ಕಡೆಯೇ ಬಿಡಬಹುದು. ಊಖೀಮಠ ಕನ್ನಡಿಗರಿಗೆ ಹಳೆಯ ನಂಟಿನ ಊರು. ಬಾಳೆಹೊನ್ನೂರಿನ ರಂಭಾಪುರಿ ಪೀಠದಂತೆ ಅಲ್ಲಿಯ ಕೇದಾರ ಪೀಠವೂ ವೀರಶೈವ ಪಂಚಪೀಠಗಳಲ್ಲೊಂದು, ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದೂ ಅಲ್ಲಿಯೇ. ಮೇಲಕ್ಕೆ ಒಯ್ಯುವ ಸಣ್ಣ ಚೀಲದಲ್ಲಿ ಬೆಚ್ಚನೆಯ ಪದರಗಳು, ಮಳೆ ಅಂಗಿ, ಒಂದು ಜತೆ ಒಣ ಕಾಲುಚೀಲ, ಮಾತ್ರೆ, ನೀರು, ಬೆಲ್ಲ–ಕಡಲೆಕಾಯಿ, ಟಾರ್ಚ್, ಆಧಾರ್ ಮತ್ತು ನೋಂದಣಿ ಪತ್ರ. ಒಣಗಿರಬೇಕಾದುದನ್ನೆಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಅಲ್ಲಿ ಮಧ್ಯಾಹ್ನದ ನಂತರ ಮಳೆ ಯಾವಾಗ ಬೇಕಾದರೂ ಬರುತ್ತದೆ. ತಲೆನೋವು, ವಾಂತಿ, ಉಸಿರಾಟದ ತೊಂದರೆ ಹೆಚ್ಚುತ್ತಿದ್ದರೆ ದರ್ಶನಕ್ಕೆ ಹಟ ಹಿಡಿಯದೆ ಕೆಳಗಿಳಿಯಿರಿ, ಇಳಿಯುವುದೇ ಅದಕ್ಕೆ ಮೊದಲ ಚಿಕಿತ್ಸೆ.

ಹೊರಡುವ ಬೆಳಿಗ್ಗೆ

ಈ ದಿನಕ್ಕೆ ಉಳಿದಿರುವುದು ಸ್ವಲ್ಪವೇ: ಕಸ ಹೊರಹಾಕುವುದು, ಬಚ್ಚಲಿಗೆ ನೀರು–ಎಣ್ಣೆ, ಕಿಟಕಿಗಳು, ವಾಲ್ವ್, ಇನ್ವರ್ಟರ್, ಮೇನ್. ಒಬ್ಬರೇ ಈ ಸುತ್ತು ಹಾಕಿ, ಗ್ಯಾಸ್, ವಾಲ್ವ್, ಮೇನ್ ಸ್ವಿಚ್‌ಗಳ ಫೋಟೊ ತೆಗೆದುಕೊಳ್ಳಲಿ. ಭೋಪಾಲ ದಾಟುವಾಗ ಗ್ಯಾಸ್ ಮುಚ್ಚಿದೆವೋ ಇಲ್ಲವೋ ಎಂಬ ಅನುಮಾನ ಯಾರಿಗಾದರೂ ಬಂದೇ ಬರುತ್ತದೆ, ಆಗ ಫೋಟೊ ತೋರಿಸಿದರಾಯಿತು.

ಹಿಂದಿರುಗಿದಾಗ

ಬಾಗಿಲು ತೆರೆದ ಕೂಡಲೇ ಸ್ವಿಚ್ ಮುಟ್ಟಬೇಡಿ. ಮೊದಲು ಕಿಟಕಿಗಳನ್ನು ತೆರೆದು ಗಾಳಿಯಾಡಲು ಬಿಡಿ, ಗ್ಯಾಸ್ ವಾಸನೆ ಇಲ್ಲವೆಂದು ಖಚಿತವಾದ ಮೇಲೆ ಮೇನ್, ಆಮೇಲೆ ಇನ್ವರ್ಟರ್. ನಲ್ಲಿಗಳಲ್ಲಿ ನಿಂತ ನೀರನ್ನು ಒಂದೆರಡು ನಿಮಿಷ ಹರಿಯಬಿಡಿ. ಹುರಿದಿಟ್ಟ ರವೆ ಡಬ್ಬದಲ್ಲಿರುವುದರಿಂದ ಅಂದಿನ ರಾತ್ರಿ ಉಪ್ಪಿಟ್ಟಿಗೆ ಅಂಗಡಿಗೆ ಹೋಗಬೇಕಾಗಿಲ್ಲ. ಪಕ್ಕದ ಮನೆಗೆ ಗಂಗಾಜಲ, ಪ್ರಸಾದ ಕೊಟ್ಟು ಕೀಲಿ ಮತ್ತು ಹೆಪ್ಪು ಎರಡನ್ನೂ ತನ್ನಿ. ಉಣ್ಣೆ ಬಟ್ಟೆಗಳನ್ನು ಒಗೆದು, ತೇವ ಒಂದಿಷ್ಟೂ ಉಳಿಯದಂತೆ ಒಣಗಿಸಿ, ಕಪಾಟಿಗೆ ಸೇರಿಸಿ. ಮುಂಗಾರು ಶುರುವಾದರೆ ಅವು ಒಣಗುವುದು ಕಷ್ಟ.